ಜೋಮು

ಮೊದಲು ಹತ್ತಿದ್ದು ಒಂದು ಹಳದಿ ದೀಪ,
ಕಡಲೆಕಾಳಿನಷ್ಟು.
ಟ್ರಿಯೋರ್ಕಿಯ ಅಂಗಡಿ ಮುಂದೆ ಹಾಲು ಕೊಂಡು
ಗಾಡಿ ತಿರುವಿದಾಗ ಹತ್ತಿ
ಚರ್ಚು ದಾಟುವಷ್ಟರಲ್ಲಿ ಆರಿತು.
ಆರಿದ ದೀಪವನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಆಮೇಲೆ ಮುಳ್ಳು ನಡುಗಿತು.
ಮೂವತ್ತರಲ್ಲಿ ಹೋಗುತ್ತಿದ್ದಾಗ
ವೇಗದ ಮುಳ್ಳು ಸೊನ್ನೆಗೆ ಬಿದ್ದು,
ಕನಸಿನಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ
ಬೆಚ್ಚಿ ಮೇಲೆದ್ದಿತು.
ನಾನು ರೇಡಿಯೋ ಜೋರು ಮಾಡಿದೆ.

ಮೂರನೆಯದನ್ನು ನನ್ನ ಕಾಲಿಗೇ ಹೇಳಿತು.
ಒಣ ರಸ್ತೆ. ಮಳೆಯಿಲ್ಲ, ಹಿಮವಿಲ್ಲ.
ಸಿಗ್ನಲಿನಲ್ಲಿ ಇನ್ನೇನು ನಿಲ್ಲಬೇಕು,
ಅಂಗಾಲಿನಡಿ ಬ್ರೇಕು ಗರಗರ ಗುರುಗುಟ್ಟಿತು
ಬೀಸುಕಲ್ಲಿಗೆ ಹರಳು ಸಿಕ್ಕ ಹಾಗೆ.
ನಿಲ್ಲಬೇಕಾದಲ್ಲಿ ನಿಲ್ಲದೆ
ಗಾಡಿ ಒಂದು ಮೊಳ ಮುಂದೆ ಹೋಗಿ ನಿಂತಿತು.
ಒಂದೇ ಮೊಳ.
ಹೂವಾಗಿದ್ದರೆ ಮುಡಿಯಬಹುದಿತ್ತು.

ಬುಲ್ಖ್ ಘಟ್ಟದ ಇಳಿಜಾರಿನಲ್ಲಿ, ತಿರುವು ಮುಗಿಯುವಲ್ಲಿ,
ರಸ್ತೆ ತನ್ನಪ್ಪನದೆಂಬಂತೆ ಮಲಗಿತ್ತು ಒಂದು ಕುರಿ.
ಒತ್ತಿದೆ. ಗುರುಗುಟ್ಟಿತು. ಇನ್ನೂ ಒತ್ತಿದೆ.
ಕುರಿಯ ಮೂಗಿಗೂ ನನ್ನ ನಂಬರ್ ಪ್ಲೇಟಿಗೂ
ಗೇಣು ಉಳಿದಿತ್ತು.
ಅದು ಏಳಲಿಲ್ಲ, ಮೆಲುಕು ಬಿಡಲಿಲ್ಲ.
ನಾನು ಮಾತ್ರ ಇಂಜಿನ್ ಆರಿಸಿ
ಸ್ಟಿಯರಿಂಗಿಗೆ ಹಣೆ ಇಟ್ಟು ಕೂತೆ.

ಗ್ಯಾರೇಜಿನ ಕೆರಿಸ್ ಚಕ್ರ ಬಿಚ್ಚಿ ತೋರಿಸಿದಳು:
ಹಲ್ಲು ಹಲ್ಲಿನ ಒಂದು ಬಳೆ,
ಅದರ ಪಕ್ಕ ಹುಣಸೆಬೀಜದಂಥ ಕಪ್ಪು ಸೆನ್ಸರ್,
ನಡುವೆ ಉಬ್ಬಿದ ತುಕ್ಕು.
"ಇದರ ಕೆಲಸ ಒಂದೇ, ಹಲ್ಲು ಎಣಿಸೋದು.
ತುಕ್ಕು ದೂರ ತಳ್ಳಿದೆ. ನಿಧಾನಕ್ಕೆ ಹೋದ್ರೆ ಎಣಿಕೆ ತಪ್ಪುತ್ತೆ.
ಚಕ್ರ ತಿರುಗ್ತಾ ಇರುತ್ತೆ, ಇದು ನಿಂತಿದೆ ಅನ್ನುತ್ತೆ.
ಗಾಡಿ ಪಾಪ ನಂಬಿ ಬ್ರೇಕು ಸಡಿಲ ಬಿಡುತ್ತೆ.
ಪೂರ್ತಿ ಸತ್ತಿದ್ರೆ ವಾಸಿ,
ದೀಪ ಹಚ್ಚಿ ಸುಮ್ಮನಿರ್ತಿತ್ತು."

ಜೋಮು, ಅಂದೆ.
ಏನು, ಅಂದಳು.
ಇಪ್ಪತ್ತು ವರ್ಷ ಇದೇ ಕಸುಬು ನನ್ನದು,
ಅವಳ ಭಾಷೆಯಲ್ಲಿ ಅಷ್ಟು ಚಿಕ್ಕ ಪದ ಸಿಗಲಿಲ್ಲ.

ನನ್ನ ಚೀಲದಲ್ಲಿ ಒಂದು ನೈಲಾನ್ ಎಳೆ ಇದೆ.
ಸಕ್ಕರೆ ಕಾಯಿಲೆಯವರ ಮನೆಮನೆಗೆ ಹೋಗಿ
ಪಾದ ತೊಡೆಯ ಮೇಲಿಟ್ಟುಕೊಂಡು
ಹತ್ತು ಕಡೆ ಮುಟ್ಟುತ್ತೇನೆ, ಎಳೆ ಬಾಗುವಷ್ಟು.
ಕಣ್ಣು ಮುಚ್ಚಿ. ಗೊತ್ತಾದರೆ ಹ್ಞೂ ಅನ್ನಿ.

ಅದೇ ಮಧ್ಯಾಹ್ನ ಐಡ್ರಿಸ್ ಮನೆ.
ಎಪ್ಪತ್ತೊಂಬತ್ತು. ಕಲ್ಲಿದ್ದಲು ಅಗೆದ ಬೆರಳು.
ನನ್ನಪ್ಪ ಕೆಜಿಎಫ್ ಗಣಿಯಲ್ಲಿದ್ದ ಎಂದು ಗೊತ್ತಾದ ದಿನದಿಂದ
ನನಗೆ ಎರಡು ಬಿಸ್ಕತ್ತು ಹೆಚ್ಚು.
ಇಬ್ಬರೂ ಸಲಾಕೆಯಿಂದ ಸುರಂಗದ ನೆತ್ತಿ ತಟ್ಟಿ
ಕಿವಿಗೊಟ್ಟವರು:
ಗಟ್ಟಿ ಸದ್ದಾದರೆ ಕೆಲಸ, ಟೊಳ್ಳಾದರೆ ಓಟ.

ಹೆಬ್ಬೆರಳು. ಹ್ಞೂ.
ಕಿರುಬೆರಳು. ಹ್ಞೂ.
ಹಿಮ್ಮಡಿ. ಹ್ಞೂ.
ಕೈ ಎತ್ತಿದೆ. ಎಳೆಯನ್ನು ಗಾಳಿಯಲ್ಲಿ ಹಿಡಿದೆ,
ಏನನ್ನೂ ಮುಟ್ಟದೆ.
ಹ್ಞೂ, ಅಂದ ಮುದುಕ, ಅದೇ ಮೆತ್ತಗಿನ ದನಿಯಲ್ಲಿ.

ಅವನ ಚಪ್ಪಲಿಯೊಳಗೆ ಒಂದು ಡ್ರಾಯಿಂಗ್ ಪಿನ್ನು,
ಯಾವಾಗಿನದೋ. ತುದಿ ಕೆಂಪು.

"ಲೈಸೆನ್ಸ್ ಕಿತ್ಕೋತಾರಾ?"
ಕಿಟಕಿಯಾಚೆ ಅವನ ನೀಲಿ ಕಾರು, ತೊಳೆದದ್ದು,
ಚಕ್ರದ ಕಮಾನೂ ಬಿಡದೆ.
ಗುರುವಾರ ಡಾರ್ಟ್ಸ್ ಆಟ, ಹೋಗಿ ಬರಲು ಆರು ಮೈಲಿ, ಎಲ್ಲ ಇಳಿಜಾರು.
ನನಗೆ ಆ ಒಂದು ಮೊಳ ನೆನಪಾಯಿತು.
ಬರೀಬೇಕಾಗತ್ತೆ, ಅಂದೆ.

ತುಂಬ ಹೊತ್ತು ಅವನು ಮಾತಾಡಲಿಲ್ಲ.
ಚಹಾ ಆರಿತು.
ಆಮೇಲೆ ಬಾಗಿ, ಪಾದವನ್ನು ಮಂಡಿಯ ಮೇಲೆಳೆದುಕೊಂಡು,
ಬೆರಳಗೆಣ್ಣಿನಿಂದ ಅಂಗಾಲು ತಟ್ಟಿದ,
ಒಮ್ಮೆ, ಇನ್ನೊಮ್ಮೆ, ಸ್ವಲ್ಪ ಪಕ್ಕಕ್ಕೆ,
ಕಿವಿ ವಾರೆ ಮಾಡಿಕೊಂಡು.